ಸ್ಪ್ರೇ ಫೋಮ್ ಹೊಡೆಯುವವರ ಸರ್ಟಿಫಿಕೇಟ್‌ನಲ್ಲಿ ಏನು ನೋಡಬೇಕು?

ಕಲಬುರಗಿಯಲ್ಲಿ ದಾಲ್ ಮಿಲ್ ಶೆಡ್ಡಿನ ತಗಡಿಗೆ ಸ್ಪ್ರೇ ಫೋಮ್ (ಗನ್ನಿನಿಂದ ಹೊಡೆದಾಗ ನೊರೆಯಂತೆ ಉಬ್ಬಿ ಅಂಟಿಕೊಂಡು ಕಾವು ತಡೆಯುವ ಪದರ) ಹೊಡೆಸಬೇಕು, ಗುತ್ತಿಗೆದಾರನಿಗೆ ತರಬೇತಿ ಆಗಿದೆಯೋ ಇಲ್ಲವೋ ಹೇಗೆ ತಿಳಿಯೋದು ಅಂತ ಕೇಳಿದ್ದೀರಿ.

ಮೊದಲು ಕಾಗದ ಯಾರ ಹೆಸರಲ್ಲಿದೆ ನೋಡಿ. ಕಂಪನಿ ಹೆಸರಲ್ಲಿದ್ದರೆ ಸಾಲದು, ಗನ್ ಹಿಡಿಯುವವನ ಹೆಸರಲ್ಲೇ ಇರಬೇಕು. ಅಮೆರಿಕದ ಸ್ಪ್ರೇ ಪಾಲಿಯುರೆಥೇನ್ ಫೋಮ್ ಅಲಯನ್ಸ್ ಎಂಬ ಉದ್ಯಮ ಸಂಘ ಹೀಗೆ ಒಬ್ಬೊಬ್ಬರನ್ನೇ ಪರೀಕ್ಷಿಸಿ ಸಹಾಯಕ, ಇನ್‌ಸ್ಟಾಲರ್, ಮಾಸ್ಟರ್ ಇನ್‌ಸ್ಟಾಲರ್ ಅಂತ ಸರ್ಟಿಫಿಕೇಟ್ ಕೊಡುತ್ತದೆ. ಕೆಮಿಕಲ್ ತಯಾರಿಸುವ ಕಂಪನಿಯ ತರಬೇತಿ ಪತ್ರವಿದ್ದರೂ ನಡೆಯುತ್ತದೆ.

ನಾನಂತೂ ಕಾಗದಕ್ಕಿಂತ ಪ್ರಶ್ನೆಯನ್ನೇ ಜಾಸ್ತಿ ನಂಬುತ್ತೇನೆ. ಐಸೊಸೈನೇಟ್, ಪಾಲಿಯಾಲ್ ಎಂಬ ಎರಡು ಡ್ರಮ್ಮಿನ ದ್ರವ ಬಿಸಿಯಾಗಿ, ಸಮ ಅಳತೆಯಲ್ಲಿ ಗನ್ನಿನೊಳಗೆ ಸೇರುತ್ತವೆ. ಅಳತೆ ತಪ್ಪಿದರೆ ಏನಾಗುತ್ತೆ ಅಂತ ಕೇಳಿ. ಐಸೊಸೈನೇಟ್ ಜಾಸ್ತಿಯಾದರೆ ಫೋಮ್ ಹಪ್ಪಳದ ಹಾಗೆ ಮುರಿಯುತ್ತದೆ. ಪಾಲಿಯಾಲ್ ಜಾಸ್ತಿಯಾದರೆ ಮೆತ್ತಗೇ ಉಳಿದು ವಾಸನೆ ಹೊಡೆಯುತ್ತದೆ. ಗಟ್ಟಿ ಫೋಮನ್ನು ಒಂದೇ ಸಲ ದಪ್ಪಗೆ ಹೊಡೆದರೆ ಒಳಗೇ ಕಾದು ಕರಕಲಾಗುತ್ತದೆ, ಬೆಂಕಿಯೂ ಹತ್ತಬಹುದು. ಇದು ಗೊತ್ತಿಲ್ಲದವನ ಕೈಗೆ ಶೆಡ್ ಕೊಡಬೇಡಿ.

ಬಾಯಿಗೆ ಟವೆಲ್ ಸುತ್ತಿಕೊಂಡು ಬಂದರೆ ಗೇಟಿನಿಂದಲೇ ವಾಪಸ್ ಕಳಿಸಿ. ಐಸೊಸೈನೇಟ್ ಹಬೆಯಿಂದ ಅಸ್ತಮಾ ಬರಬಹುದು. ಪೈಪಿನಲ್ಲಿ ಹೊರಗಿನ ಶುದ್ಧ ಗಾಳಿ ಬರುವ ಮಾಸ್ಕ್ ಬೇಕು.

ತಗಡಿನ ಮೇಲ್ಗಡೆ ಹೊಡೆಸುವುದಾದರೆ ಫೋಮಿನ ಮೇಲೆ ಬಿಸಿಲು ತಡೆಯುವ ಕೋಟಿಂಗ್ ಹಾಕಿಸುವುದನ್ನು ಬಿಡಬೇಡಿ. ನಮ್ಮ ಏಪ್ರಿಲ್ ಬಿಸಿಲು ಗೊತ್ತಲ್ವಾ, ಬರೀ ಫೋಮ್ ಕಂದಾಗಿ ಪುಡಿ ಉದುರಲು ಶುರುವಾಗುತ್ತದೆ.