ಸ್ಟ್ರೋಕ್ ಆದ ಮೇಲೆ ಸಿಆರ್‌ಪಿ ಜಾಸ್ತಿ ಬಂದರೆ ಮರೆವಿನ ಕಾಯಿಲೆ ಬರುತ್ತದೆಯೇ?

ತಂದೆಗೆ ಸ್ಟ್ರೋಕ್ ಆಗಿ ನಾಲ್ಕು ತಿಂಗಳಾಯಿತು, ಸಿಆರ್‌ಪಿ 14 ಬಂದಿದೆ, ಹೇಳಿದ್ದನ್ನೇ ಹೇಳುತ್ತಾರೆ, ಮುಂದೆ ಪೂರ್ತಿ ಮರೆವು ಬರುತ್ತದಾ ಅಂತ ಕಾರವಾರದಿಂದ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಶಿರಸಿ ಹತ್ತಿರದ ತೋಟದ ಮನೆಯವಳು, ಮೂರು ವರ್ಷದಿಂದ ಅಪ್ಪಯ್ಯನನ್ನು ನೋಡಿಕೊಳ್ಳುತ್ತಿದ್ದೇನೆ. ನಿಮ್ಮ ಹೆದರಿಕೆ ನನಗೆ ಗೊತ್ತು.

ಸಿಆರ್‌ಪಿ ಅಂದರೆ ಲಿವರ್ ತಯಾರಿಸುವ ಒಂದು ಪ್ರೋಟೀನ್. ಮೈಯಲ್ಲಿ ಎಲ್ಲೇ ಉರಿಯೂತ ಇದ್ದರೂ ಏರುತ್ತದೆ. ವಸಡು ಬಾತರೂ ಏರುತ್ತದೆ, ಎದೆಯಲ್ಲಿ ಸೋಂಕಾದರೂ ಏರುತ್ತದೆ. ಸ್ಟ್ರೋಕ್ ಆದಾಗಲೂ ಸಿಆರ್‌ಪಿ, ಐಎಲ್-6 (ಉರಿಯೂತದ ಸಂಕೇತ ಒಯ್ಯುವ ಇನ್ನೊಂದು ಪ್ರೋಟೀನ್) ಎರಡೂ ಏರುತ್ತವೆ. ಕೆಲವರಲ್ಲಿ ಆ ಉರಿ ಬೇಗ ಆರುವುದಿಲ್ಲ. ಇವು ಜಾಸ್ತಿ ಇದ್ದವರಲ್ಲಿ ಮುಂದೆ ಮರೆವೂ ಜಾಸ್ತಿ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ, ನಿಜ. ಆದರೆ ಅದು ನೂರಾರು ಜನರ ಲೆಕ್ಕ. ನಿಮ್ಮ ತಂದೆಯ ಹಣೆಬರಹ ಅಂತ ಓದಬೇಡಿ.

ಅಪ್ಪಯ್ಯ ಕವಳ ಹಾಕುವವ. ಎಲೆಯ ತೊಟ್ಟು ಚಿವುಟಿ, ಪಂಚೆಗೆ ಒರೆಸಿ, ಸುಣ್ಣ ಹಚ್ಚಿ, ಅಡಿಕೆ ಹೋಳಿಟ್ಟು ಮಡಿಸುವುದು ಕಣ್ಣು ಮುಚ್ಚಿದರೂ ಆಗುತ್ತಿತ್ತು. ಸ್ಟ್ರೋಕ್ ಆಗಿ ಐದನೇ ತಿಂಗಳು, ಒಂದು ಸಂಜೆ ಜಗಲಿಯಲ್ಲಿ ಕೂತು ಒಂದೇ ಎಲೆಗೆ ಎರಡು ಸಲ ಸುಣ್ಣ ಹಚ್ಚಿದ. ಅಡಿಕೆ ಕೈಯಲ್ಲೇ ಉಳಿಯಿತು. ಬಾಯಿ ಸುಟ್ಟುಕೊಂಡು ನನ್ನ ಮುಖ ನೋಡಿದ. ರಾತ್ರಿ ಎದ್ದು "ದನ ಬಿಟ್ಟುಹೋಗಿದೆ" ಅಂತ ಬಾಗಿಲು ತೆಗೆಯುತ್ತಿದ್ದ. ಅದೇ ವಾರ ಸಿಆರ್‌ಪಿ 40 ದಾಟಿತ್ತು. ಆಯಿ ಅಳುವುದೊಂದೇ ಬಾಕಿ. ನೋಡಿದರೆ ಮೂತ್ರದ ಸೋಂಕು! ಔಷಧ ಮುಗಿದ ಮೇಲೆ ಸಿಆರ್‌ಪಿ 5ಕ್ಕಿಂತ ಕೆಳಗಿಳಿಯಿತು, ರಾತ್ರಿಯ ಗೊಂದಲ ನಿಂತಿತು. ಆದರೆ ಕವಳದ ಕ್ರಮ ಮಾತ್ರ ಸರಿಯಾಗಲಿಲ್ಲ. ರಕ್ತದ ಲೆಕ್ಕ ಬೇರೆ, ಮರೆವಿನ ಲೆಕ್ಕ ಬೇರೆ ಅಂತ ನನಗೆ ಅರ್ಥವಾಗಿದ್ದು ಆಗ. ಸ್ಟ್ರೋಕ್ ಆದವರಿಗೆ ಹಳೆಯ ಕಥೆ ನೆನಪಿದ್ದರೂ ಒಂದಾದ ಮೇಲೊಂದು ಮಾಡುವ ಕೆಲಸ ತಪ್ಪುವುದು ಸಾಮಾನ್ಯವಂತೆ.

ಹಾಗಾಗಿ ಜ್ವರ, ಕೆಮ್ಮು ಏನೂ ಇಲ್ಲದಾಗ ಸಿಆರ್‌ಪಿ ಇನ್ನೊಮ್ಮೆ ಮಾಡಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಬಿ12, ಥೈರಾಯ್ಡ್, ಸೋಡಿಯಂ ಕೂಡ ನೋಡಲಿ, ಇವು ಏರುಪೇರಾದರೂ ಮಂಕು ಬರುತ್ತದೆ. ಮರೆವನ್ನು ಅಳೆಯಲು ಮೋಕಾ ಅಂತ 30 ಅಂಕದ ಪರೀಕ್ಷೆ ಇದೆ, ಹತ್ತೇ ನಿಮಿಷ ಸಾಕು. ಗಡಿಯಾರ ಬರೆಸುತ್ತಾರೆ, ಐದು ಪದ ನೆನಪಿಡಲು ಹೇಳುತ್ತಾರೆ. ಕನ್ನಡದಲ್ಲೇ ಕೇಳಲಿ, ತಂದೆ ಎಷ್ಟು ಓದಿದ್ದಾರೆ ಅಂತಲೂ ತಿಳಿಸಿ. ಮನಸ್ಸು ಕುಗ್ಗಿದೆಯಾ ಅನ್ನುವುದನ್ನೂ ಮರೆಯದೆ ಕೇಳಿ. ಸುಮಾರು ಮೂವರಲ್ಲಿ ಒಬ್ಬರಿಗೆ ಸ್ಟ್ರೋಕ್ ನಂತರ ಖಿನ್ನತೆ ಬರುತ್ತದೆ, ಅದು ಮರೆವಿನ ಹಾಗೇ ಕಾಣುತ್ತದೆ.

ಸಿಆರ್‌ಪಿ ಇಳಿಸಲು ಸುಮ್ನೆ ನೋವಿನ ಮಾತ್ರೆ ಕೊಡಬೇಡಿ. ಆಸ್ಪಿರಿನ್ ಜೊತೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು, ಮರೆವು ತಡೆಯುತ್ತದೆ ಅಂತ ಸಾಬೀತೂ ಆಗಿಲ್ಲ. ನಿಜವಾಗಿ ಹೆದರಬೇಕಾದ್ದು ಎರಡನೇ ಸ್ಟ್ರೋಕಿಗೆ. ಮೊದಲ ಸ್ಟ್ರೋಕ್ ನಂತರ ಹೊಸದಾಗಿ ಡಿಮೆನ್ಶಿಯಾ, ಅಂದರೆ ದಿನದ ಕೆಲಸಕ್ಕೇ ಅಡ್ಡಿಯಾಗುವ ಮರೆವಿನ ಕಾಯಿಲೆ, ಬರುವುದು ಹತ್ತರಲ್ಲಿ ಸುಮಾರು ಒಬ್ಬರಿಗೆ, ಮತ್ತೆ ಸ್ಟ್ರೋಕ್ ಆದವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ. ಬಿಪಿ, ಸಕ್ಕರೆ, ಮಾತ್ರೆ ಒಂದು ದಿನವೂ ತಪ್ಪಬಾರದು. ಅಪ್ಪಯ್ಯನ ತಂಬಾಕನ್ನು ನಾವು ಪೂರ್ತಿ ಬಿಡಿಸಿದೆವು.

ಒಂದೆರಡು ದಿನದಲ್ಲೇ ಗೊಂದಲ ಇದ್ದಕ್ಕಿದ್ದಂತೆ ಹೆಚ್ಚಾದರೆ ಮಾತ್ರ ಯಾವ ರಿಪೋರ್ಟಿಗೂ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.