ಕಂಪೈಲರ್ ಬ್ಯಾಕೆಂಡ್‌ನ (ಪ್ರೊಸೆಸರ್‌ಗೆ ಬೇಕಾದ ಕೋಡ್ ಹುಟ್ಟಿಸುವ ಭಾಗದ) ಟೆಸ್ಟ್ ಫೈಲ್‌ಗಳನ್ನು ಎಲ್ಲಿಡಬೇಕು, ಏನೆಂದು ಹೆಸರಿಡಬೇಕು?

ಎಲ್‌ಎಲ್‌ವಿಎಂ ಎಂಬ ಓಪನ್ ಸೋರ್ಸ್ ಕಂಪೈಲರ್ ಯೋಜನೆಯ ಪದ್ಧತಿಯನ್ನೇ ಹಿಡಿದು ಹೇಳುತ್ತೇನೆ. ಮೊದಲ ವಿಂಗಡಣೆ ಟಾರ್ಗೆಟ್ (ಕೋಡ್ ಓಡಬೇಕಾದ ಪ್ರೊಸೆಸರ್ ಬಗೆ) ಪ್ರಕಾರ: ಟೆಸ್ಟ್ ಡೈರೆಕ್ಟರಿಯ ಕೋಡ್‌ಜೆನ್ ಒಳಗೆ ಎಕ್ಸ್86, ಆರ್ಮ್, ರಿಸ್ಕ್-ಫೈವ್ ಹೀಗೆ ಒಂದೊಂದಕ್ಕೆ ಒಂದು ಫೋಲ್ಡರ್. ಅಸೆಂಬ್ಲರ್ ಮತ್ತು ಎನ್‌ಕೋಡಿಂಗ್ (ಇನ್‌ಸ್ಟ್ರಕ್ಷನ್ನನ್ನು ಬೈಟ್‌ಗಳಾಗಿಸುವ) ಟೆಸ್ಟ್‌ಗಳಿಗೆ ಎಂಸಿ ಎಂಬ ಬೇರೆ ಜಾಗವಿದೆ. ಅವನ್ನು ಇಲ್ಲಿ ಬೆರೆಸಬೇಡಿ. ಪ್ರತಿ ಟಾರ್ಗೆಟ್ ಫೋಲ್ಡರ್‌ನಲ್ಲೂ ಲಿಟ್ ಎಂಬ ಟೆಸ್ಟ್ ಓಡಿಸುವ ಸಾಧನದ ಲೋಕಲ್ ಕಾನ್ಫಿಗ್ ಫೈಲ್ ಇರಲೇಬೇಕು. ಇಲ್ಲದಿದ್ದರೆ ಆ ಟಾರ್ಗೆಟ್ಟನ್ನೇ ಬಿಲ್ಡ್ ಮಾಡದವರ ಯಂತ್ರದಲ್ಲಿ ಟೆಸ್ಟ್ 'ಅನ್‌ಸಪೋರ್ಟೆಡ್' ಅನ್ನುವ ಬದಲು ಫೇಲ್ ಆಗುತ್ತದೆ.

ಟೆಸ್ಟ್ ಏನನ್ನು ಪರೀಕ್ಷಿಸುತ್ತದೆ ಎಂಬುದನ್ನು ಫೈಲ್ ಹೆಸರೇ ಹೇಳಲಿ: 'ಶಿಫ್ಟ್-ಆಡ್-ಫೋಲ್ಡ್' ಸರಿ, 'ಟೆಸ್ಟ್2' ವ್ಯರ್ಥ. ಬರೀ ಬಗ್ ಸಂಖ್ಯೆಯ ಹೆಸರು ನನಗೆ ಹಿಡಿಸದು; ಸಂಖ್ಯೆ ಒಳಗಿನ ಕಾಮೆಂಟ್‌ನಲ್ಲಿದ್ದರೆ ಸಾಕು. ಅದೇ ವಿಷಯದ ಫೈಲ್ ಮೊದಲೇ ಇದ್ದರೆ ಹೊಸ ಫಂಕ್ಷನ್ನನ್ನು ಅದರಲ್ಲೇ ಸೇರಿಸಿ. ಮಷೀನ್ ಹಂತದ ಒಂದೇ ಪಾಸ್ (ಕಂಪೈಲರ್ ಕೋಡ್ ಮೇಲೆ ಮಾಡುವ ಒಂದು ಸುತ್ತಿನ ಕೆಲಸ) ಪರೀಕ್ಷಿಸುವುದಾದರೆ ಐಆರ್ (ಕಂಪೈಲರ್‌ನ ಮಧ್ಯಂತರ ಭಾಷೆ) ಬದಲು ಎಂಐಆರ್ (ಅದರ ಯಂತ್ರಮಟ್ಟದ ರೂಪ) ಫೈಲ್ ಬರೆಯಿರಿ.

ಹೆಸರಿನಿಂದಲೇ ಆಗುವ ಎಡವಟ್ಟೊಂದಿದೆ. ಐಆರ್‌ನಿಂದ ಅಸೆಂಬ್ಲಿ ಹುಟ್ಟಿಸುವ ಎಲ್‌ಎಲ್‌ಸಿಗೆ ಫೈಲ್ ಪಾತ್ ಕೊಟ್ಟರೆ ಇಎಲ್‌ಎಫ್ (ಲಿನಕ್ಸ್ ಮುಂತಾದವು ಬಳಸುವ ಆಬ್ಜೆಕ್ಟ್ ಫೈಲ್ ಮಾದರಿ) ಟಾರ್ಗೆಟ್‌ಗಳ ಅಸೆಂಬ್ಲಿಯಲ್ಲಿ '.ಫೈಲ್' ಸಾಲಿಗೆ ಆ ಹೆಸರು ಬರುತ್ತದೆ. ಹೆಸರಲ್ಲಿ 'ಆಡ್' ಇದ್ದರೆ, ಇನ್‌ಸ್ಟ್ರಕ್ಷನ್ ಹುಟ್ಟದಿದ್ದರೂ 'ಆಡ್' ಹುಡುಕುವ ಚೆಕ್ (ಔಟ್‌ಪುಟ್‌ನಲ್ಲಿ ಏನಿರಬೇಕು ಎಂದು ಹೇಳುವ ಸಾಲು) ಪಾಸ್ ಆಗಿಬಿಡುತ್ತದೆ! ಇನ್‌ಪುಟ್ಟನ್ನು ಸ್ಟ್ಯಾಂಡರ್ಡ್ ಇನ್‌ಪುಟ್ ಮೂಲಕ ಕೊಡಿ, ಪ್ರತಿ ಫಂಕ್ಷನ್‌ಗೂ ಚೆಕ್-ಲೇಬಲ್ (ಹುಡುಕಾಟವನ್ನು ಆ ಫಂಕ್ಷನ್‌ಗೇ ಸೀಮಿತಗೊಳಿಸುವ ಸಾಲು) ಹಾಕಿ. ಟೆಸ್ಟ್ ಓಡಿಸುವ ಕಮಾಂಡ್ ಇರುವ ರನ್ ಸಾಲಿನಲ್ಲಿ ಟ್ರಿಪಲ್ (ಟಾರ್ಗೆಟ್ ಯಾವುದೆಂದು ಸೂಚಿಸುವ ಹೆಸರು) ನಮೂದಿಸದಿದ್ದರೆ, ಐಆರ್‌ನಲ್ಲೂ ಅದಿಲ್ಲದಿದ್ದರೆ, ಓಡಿಸುವವರ ಯಂತ್ರದ ಡೀಫಾಲ್ಟ್ ಟಾರ್ಗೆಟ್‌ಗೇ ಕೋಡ್ ಹುಟ್ಟುತ್ತದೆ.