ಕರೆಂಟು ಹೋಗಿ ಬಂದ ಮೇಲೆ ವಿಂಡೋಸೋ, ಉಬುಂಟುವೋ?

ಪ್ರಶ್ನೆ: ಸುಂಟಿಕೊಪ್ಪದ ಹತ್ತಿರ ನಮ್ಮ ಕಾಫಿ ತೋಟ. ಆಫೀಸಿನ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ 11 ಇತ್ತು, ಮಗ ಓದಿಗೆಂದು ಉಬುಂಟುವನ್ನೂ (ವಿಂಡೋಸ್‌ನಂತೆಯೇ ಯಂತ್ರ ನಡೆಸುವ ಲಿನಕ್ಸ್ ವ್ಯವಸ್ಥೆ) ಹಾಕಿದ. ಈಗ ಆನ್ ಮಾಡಿದರೆ ಮೆನು ಬಂದು, 10 ಸೆಕೆಂಡಿಗೆ ತಾನಾಗಿಯೇ ಉಬುಂಟುಗೆ ಹೋಗುತ್ತದೆ. ತೋಟದ ಲೆಕ್ಕ ಬರೆಯುವ ರೈಟರ್‌ಗೆ ಬೇಕಿರುವುದು ವಿಂಡೋಸ್‌ನ ಟ್ಯಾಲಿ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಇದೇ ಪಾಡು. ಕೆಲವು ಸಲ ಮೆನು ಅರ್ಧ ನಿಮಿಷ ಕಾಯಿಸುತ್ತದೆ. ಉಬುಂಟು ತೆಗೆಯದೆ ಸರಿಪಡಿಸಬಹುದೇ?

ಉತ್ತರ: ಖಂಡಿತ. ನಿಮ್ಮ ಯಂತ್ರದಲ್ಲಿ ಎರಡು ಬಾಗಿಲುಗಳಿವೆ. ಮೊದಲನೆಯದು ಮದರ್‌ಬೋರ್ಡಿನಲ್ಲೇ ಇರುವ ಪ್ರೋಗ್ರಾಂ ಯುಇಎಫ್‌ಐ: ಯಾವ ಬೂಟ್ ಲೋಡರ್ (ವಿಂಡೋಸನ್ನೋ ಉಬುಂಟುವನ್ನೋ ಎಬ್ಬಿಸುವ ಪುಟ್ಟ ಪ್ರೋಗ್ರಾಂ) ಮೊದಲು ಏಳಬೇಕೆಂದು ಅದು ತೀರ್ಮಾನಿಸುತ್ತದೆ. ಎರಡನೆಯದು ಉಬುಂಟು ತಂದ ಬೂಟ್ ಲೋಡರ್, ಗ್ರಬ್. ನೀವು ಕಾಣುವ ಮೆನು ಅದರದ್ದು. ಉಬುಂಟು ಹಾಕುವಾಗ ಅದು ತನ್ನ ಹೆಸರನ್ನು ಯುಇಎಫ್‌ಐ ಪಟ್ಟಿಯ ತಲೆಗೇ ಏರಿಸಿಕೊಂಡಿದೆ.

ಬಟವಾಡೆ ಲೆಕ್ಕ ನಡೆಯುವ ಯಂತ್ರಕ್ಕೆ ನಮ್ಮ ಸಲಹೆ, ಗ್ರಬ್ ಮುಟ್ಟಬೇಡಿ. ಯುಇಎಫ್‌ಐ ಒಳಗೆ ಹೋಗಿ 'ಬೂಟ್ ಆರ್ಡರ್'ನಲ್ಲಿ 'ವಿಂಡೋಸ್ ಬೂಟ್ ಮ್ಯಾನೇಜರ್' ಅನ್ನು 'ಉಬುಂಟು'ವಿನ ಮೇಲಕ್ಕೆ ತಂದು, ಎಫ್10 ಒತ್ತಿ ಸೇವ್ ಮಾಡಿ. ಒಳಹೋಗುವ ಕೀ ಸಾಮಾನ್ಯವಾಗಿ ಡಿಲೀಟ್ ಅಥವಾ ಎಫ್2. ಕೀ ಒತ್ತಲು ಸಮಯವೇ ಸಿಗದಿದ್ದರೆ ವಿಂಡೋಸ್‌ನಲ್ಲಿ ಶಿಫ್ಟ್ ಹಿಡಿದು ರೀಸ್ಟಾರ್ಟ್ ಕೊಡಿ. ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್ ಎಂದು ಸಾಗಿ. ಮಗನಿಗೆ ಉಬುಂಟು ಬೇಕಾದಾಗ ಆನ್ ಮಾಡಿದ ಕೂಡಲೇ ಬೂಟ್ ಮೆನು ಕೀ ಒತ್ತಿ ಆರಿಸಿಕೊಳ್ಳಲಿ (ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9). ನಾಳೆ ಉಬುಂಟು ಅಪ್‌ಡೇಟ್‌ನಲ್ಲಿ ಗ್ರಬ್ ಕೆಟ್ಟರೂ ಆಫೀಸು ನಿಲ್ಲುವುದಿಲ್ಲ.

ಮೆನುವೇ ಬೇಕೆಂದರೆ ಉಬುಂಟುನಲ್ಲಿ ಇಟಿಸಿ, ಡಿಫಾಲ್ಟ್ ಫೋಲ್ಡರ್‌ಗಳ ಒಳಗಿರುವ 'ಗ್ರಬ್' ಫೈಲನ್ನು ಸುಡೊ (ಅಡ್ಮಿನ್) ಅಧಿಕಾರದಿಂದ ತೆರೆಯಿರಿ. 'ಗ್ರಬ್ ಡಿಫಾಲ್ಟ್' ಸಾಲಿನಲ್ಲಿ 0 ಇರುತ್ತದೆ. ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ವಿಂಡೋಸ್ ನಾಲ್ಕನೇ ಸಾಲಿನಲ್ಲಿದ್ದರೆ 3 ಎಂದು ಹಾಕಬೇಕು. ಆದರೆ ಮೆನುಗೆ ಹೊಸ ಸಾಲು ಸೇರಿದರೆ ಲೆಕ್ಕ ತಪ್ಪುತ್ತದೆ. ಸಂಖ್ಯೆಯ ಬದಲು ಮೆನುವಿನಲ್ಲಿರುವ ಪೂರ್ತಿ ಹೆಸರನ್ನು, ಕಂಸದೊಳಗಿನ ಡಿಸ್ಕ್ ಹೆಸರೂ ಸೇರಿದಂತೆ, ಉದ್ಧರಣ ಚಿಹ್ನೆಯೊಳಗೆ ಬರೆಯುವುದು ಗಟ್ಟಿ. 'ಸೇವ್ಡ್' ಎಂಬ ಆಯ್ಕೆಯೂ ಇದೆ, ಅದು ಕೊನೆಯ ಸಲ ಆರಿಸಿದ್ದನ್ನೇ ತೆರೆಯುವಂತೆ ಮಾಡಬಲ್ಲದು. ಇಬ್ಬರು ಬಳಸುವ ಯಂತ್ರಕ್ಕೆ ಅದು ಬೇಡ: ರಾತ್ರಿ ಮಗ ಬಿಟ್ಟಲ್ಲಿಂದ ಬೆಳಗ್ಗೆ ರೈಟರ್ ಶುರು ಮಾಡಬೇಕಾದೀತು!

ಆ ಅರ್ಧ ನಿಮಿಷದ ಕಾಯುವಿಕೆ ದೋಷವಲ್ಲ. ಉಬುಂಟು ಏಳುತ್ತಿರುವಾಗಲೇ ಕರೆಂಟು ಹೋದರೆ ಗ್ರಬ್ ಅದನ್ನು ವಿಫಲ ಬೂಟ್ ಎಂದು ಗುರುತಿಟ್ಟುಕೊಂಡು, ಮುಂದಿನ ಸಲ 30 ಸೆಕೆಂಡು ಮೆನು ಹಿಡಿದಿಡುತ್ತದೆ. ಕಡಿಮೆ ಮಾಡಲು ಅದೇ ಫೈಲಿಗೆ 'ಗ್ರಬ್ ರೆಕಾರ್ಡ್‌ಫೇಲ್ ಟೈಮ್‌ಔಟ್' ಸಾಲನ್ನು ನೀವೇ ಸೇರಿಸಿ 5 ಎಂದು ಕೊಡಿ. ಇಂಗ್ಲಿಷ್ ದೊಡ್ಡಕ್ಷರಗಳು, ಪದಗಳ ನಡುವೆ ಅಂಡರ್‌ಸ್ಕೋರ್, ಸಮ ಚಿಹ್ನೆಯ ಆಚೀಚೆ ಖಾಲಿ ಜಾಗ ಕೂಡದು. ಬಳಿಕ ಟರ್ಮಿನಲ್‌ನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿ) 'ಸುಡೊ ಅಪ್‌ಡೇಟ್-ಗ್ರಬ್' ಓಡಿಸದಿದ್ದರೆ ಬರೆದದ್ದೆಲ್ಲ ಫೈಲಿನಲ್ಲೇ ಉಳಿಯುತ್ತದೆ. ಓಡಿಸಿದ ಮೇಲೆ ವಿಂಡೋಸ್ ಸಾಲೇ ಮಾಯವಾದರೆ 'ಗ್ರಬ್ ಡಿಸೇಬಲ್ ಓಎಸ್ ಪ್ರೋಬರ್' ಎಂಬುದನ್ನು 'ಫಾಲ್ಸ್' ಮಾಡಿ ಮತ್ತೆ ಓಡಿಸಿ. 2021ರ ಗ್ರಬ್ 2.06ರಿಂದ ಬೇರೆ ಓಎಸ್ (ಆಪರೇಟಿಂಗ್ ಸಿಸ್ಟಂ) ಹುಡುಕುವುದನ್ನು ಮೊದಲೇ ಆಫ್ ಮಾಡಿಟ್ಟಿರುತ್ತಾರೆ.

ಯುಇಎಫ್‌ಐ ಒಳಗಿರುವಾಗಲೇ 'ರಿಸ್ಟೋರ್ ಆನ್ ಎಸಿ ಪವರ್ ಲಾಸ್' ಅನ್ನು 'ಪವರ್ ಆಫ್' ಮಾಡಿಡಿ. ಮರದ ಕೊಂಬೆ ಲೈನಿಗೆ ತಾಗಿ ಐದು ನಿಮಿಷದಲ್ಲಿ ನಾಲ್ಕು ಸಲ ಕರೆಂಟು ಮಿಣುಕುವಾಗ ಯಂತ್ರ ತಾನಾಗಿ ಏಳುವುದು, ಬೀಳುವುದು ಡಿಸ್ಕಿಗೆ ಒಳ್ಳೆಯದಲ್ಲ.

ಪ್ರಶ್ನೆ: ವಿಂಡೋಸ್ ಅಪ್‌ಡೇಟ್ ಆದ ಮೇಲೆ ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಮೆನು ಬರುತ್ತಿಲ್ಲ. ಗ್ರಬ್ ಮತ್ತೆ ಹಾಕಬೇಕೇ? (ವಿರಾಜಪೇಟೆ)

ಉತ್ತರ: ಅವಸರ ಬೇಡ. ಬೂಟ್ ಮೆನು ಕೀ ಒತ್ತಿ ನೋಡಿ. ಪಟ್ಟಿಯಲ್ಲಿ 'ಉಬುಂಟು' ಇದ್ದು ಅದು ತೆರೆದುಕೊಂಡರೆ ಗ್ರಬ್ ಕೆಟ್ಟಿಲ್ಲ, ಸರದಿ ಬದಲಾಗಿದೆ ಅಷ್ಟೆ. 'ಶಿಮ್ ಎಸ್‌ಬಿಎಟಿ' ಎಂಬ ದೋಷ ಸಂದೇಶ ಬಂದರೆ ಅದು 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ತಂದಿಟ್ಟ ತಲೆನೋವು. ಯುಇಎಫ್‌ಐನಲ್ಲಿ ಸೆಕ್ಯೂರ್ ಬೂಟ್ (ನಂಬಿಕೆಯ ಬೂಟ್ ಲೋಡರ್‌ಗಳನ್ನಷ್ಟೇ ಒಳಬಿಡುವ ಕಾವಲು) ಆಫ್ ಮಾಡಿ, ಉಬುಂಟುಗೆ ಹೋಗಿ ಬಾಕಿ ಅಪ್‌ಡೇಟ್‌ಗಳನ್ನೆಲ್ಲ ಹಾಕಿ, ಸೆಕ್ಯೂರ್ ಬೂಟನ್ನು ಮತ್ತೆ ಆನ್ ಮಾಡಿ. ಅದಕ್ಕೂ ಮೊದಲು ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್‌ನ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ. ಸೆಕ್ಯೂರ್ ಬೂಟ್ ಬದಲಾದರೆ ವಿಂಡೋಸ್ ಅದನ್ನು ಕೇಳಬಹುದು. ಕೀ ಇಲ್ಲವೆಂದರೆ ಡೇಟಾ ಕೈಗೆ ಸಿಗುವುದಿಲ್ಲ.

ಪ್ರಶ್ನೆ: ಉಬುಂಟು ಬಳಸಿ ವಿಂಡೋಸ್‌ಗೆ ಬಂದರೆ ಗಡಿಯಾರ ಹಿಂದೆ ಬಿದ್ದಿರುತ್ತದೆ. ಮದರ್‌ಬೋರ್ಡಿನ ಸೆಲ್ ಹೋಗಿದೆಯೇ? (ನಾಪೋಕ್ಲು)

ಉತ್ತರ: ಸರಿಯಾಗಿ ಐದೂವರೆ ಗಂಟೆ ಹಿಂದಿದ್ದರೆ ಸೆಲ್ ಚೆನ್ನಾಗಿದೆ. ಉಬುಂಟು ಯಂತ್ರದ ಗಡಿಯಾರದಲ್ಲಿ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ) ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ. ಉಬುಂಟು ಟರ್ಮಿನಲ್‌ನಲ್ಲಿ 'ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1' ಎಂದು ಕೊಡಿ, ವಿಂಡೋಸ್‌ನಲ್ಲಿ ಒಮ್ಮೆ ಸಮಯ ಸಿಂಕ್ ಮಾಡಿ. ಬದಲಿಗೆ ತಾರೀಖು ಎಷ್ಟೋ ವರ್ಷ ಹಿಂದೆ ಹೋಗಿ, ಬ್ರೌಸರ್ ಯಾವ ಸೈಟನ್ನೂ ನಂಬದಿದ್ದರೆ ಆಗ ಸೆಲ್ ಸತ್ತಿದೆ. ಡೆಸ್ಕ್‌ಟಾಪ್‌ಗೆ ಸಾಮಾನ್ಯವಾಗಿ 3 ವೋಲ್ಟಿನ ಸಿಆರ್2032. ಬದಲಿಸಿದ ಮೇಲೆ ಬೂಟ್ ಆರ್ಡರ್ ಇನ್ನೊಮ್ಮೆ ನೋಡಿಕೊಳ್ಳಿ. ಕೆಲವು ಬೋರ್ಡ್‌ಗಳು ಮೊದಲ ಸ್ಥಿತಿಗೆ ಮರಳಿರುತ್ತವೆ.